ಇಲ್ಲದ ದೇಶಗಳ ಅಂಗಿಗಳು

ಫೋನು ಬಂದಾಗ ಊರ್ಮಿಳಮ್ಮನವರ ಎರಡು ಕೈಗೂ ಹಿಟ್ಟು ಮೆತ್ತಿಕೊಂಡಿತ್ತು. ಸಂಜೆಯ ರೈಲಿಗೆ ವೋಲ್ಫ್ಸ್‌ಬುರ್ಗಿನಿಂದ ಹಿಂದಿರುಗಲಿದ್ದ ಹಿರಿಯ ಮಗ ಪ್ರದ್ಯುಮ್ನನಿಗೆಂದು ಅವರು ಕೋಡುಬಳೆ ಹೊಸೆಯುತ್ತಿದ್ದರು. ಮೊಮ್ಮಗಳು ರಚನಾ ಫೋನನ್ನು ಸ್ಪೀಕರಿಗೆ ಹಾಕಿ, ಒಲೆಯ ಪಕ್ಕದಲ್ಲಿಟ್ಟು, ಒಂದು ಕೋಡುಬಳೆ ಎತ್ತಿಕೊಂಡು ಹೋದಳು.

“ಅಮ್ಮಾ...” ಕಿರಿಯ ಮಗ ಅನೂಪನ ದನಿ. ಅವನು ಅದೇ ಊರಿನ ಕಾರಿನ ಕಾರ್ಖಾನೆಯಲ್ಲಿ ಎಂಜಿನಿಯರು.

“ಹೇಳಪ್ಪ. ಹೊರಟನೇನೋ ಅಣ್ಣ? ಸಿಕ್ಕಿತಂತಾ ಅವನ ಹರಕು ಅಂಗಿ?”

“ಅಮ್ಮಾ, ಅತ್ತಿಗೆ ಎಲ್ಲಿದ್ದಾರೆ? ನೀನು ಮೊದಲು ಕೂತ್ಕೋ.”

“ಕೂರೋದೇನು ಬಂತು? ಎಣ್ಣೆ ಕಾದಿದೆ ಕಣೋ. ಬೇಗ ಹೇಳು.”

“ಅಮ್ಮಾ... ಅಣ್ಣ ಹೋಗಿಬಿಟ್ಟ. ಸ್ಟೇಷನ್ನಿನಲ್ಲಿ, ನನ್ನ ಜೊತೆ ಮಾತಾಡ್ತಾ ಮಾತಾಡ್ತಾನೇ ಕುಸಿದುಬಿಟ್ಟ. ಆಂಬುಲೆನ್ಸಿನವರು ಬಂದರು, ಎದೆ ಒತ್ತಿದರು, ಅರ್ಧ ಗಂಟೆ ಒತ್ತಿದರು... ಅಣ್ಣ ಇಲ್ಲಮ್ಮಾ!”

ಊರ್ಮಿಳಮ್ಮ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡರು. ಒರೆಸಿಕೊಂಡು ಮತ್ತೆ ಒರೆಸಿಕೊಂಡರು. ತಿರುಗಿ ನೋಡಿದರೆ ಬಾಗಿಲಲ್ಲಿ ಸೊಸೆ ವಿಭಾ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಸ್ಪೀಕರು ಅವಳಿಗೂ ಎಲ್ಲವನ್ನೂ ಹೇಳಿಯಾಗಿತ್ತು. ಆ ಘಳಿಗೆಯಲ್ಲಿ ಅವಳನ್ನು ತಬ್ಬಿ ಅತ್ತಿದ್ದರೆ ಮುಂದಿನ ಎಷ್ಟೋ ನೋವು ತಪ್ಪುತ್ತಿತ್ತೇನೋ. ಆದರೆ ಮನುಷ್ಯನ ನಾಲಿಗೆ! ದುಃಖ ಬಂದಾಗ ಅದು ಮೊದಲು ಹುಡುಕುವುದು ತಪ್ಪು ಹೊರಿಸಲು ಒಂದು ತಲೆಯನ್ನು.

“ನೀನೇ ಕಳಿಸಿದೆ!” ಎಂದು ಊರ್ಮಿಳಮ್ಮ ಕೂಗಿದರು. “ಬೇಡ ಕಣೋ ಅಂತ ನಾನು ಬಡ್ಕೊಂಡೆ. ‘ಹೋಗಿ ಬರ್ಲಿ ಬಿಡ್ರಿ ಅತ್ತೀ’ ಅಂದವಳು ನೀನು! ಯಾರದೋ ಬೆವರಿನ ಬಟ್ಟೆಗಾಗಿ ನನ್ನ ಮಗನನ್ನ ಕಳಿಸಿ ಕೊಂದೆಯಲ್ಲೇ...!”

ಬಾಣಲೆಯಲ್ಲಿ ಕೋಡುಬಳೆಗಳು ಕರಿಕಲಾಗಿ ಹೊಗೆ ಏಳುತ್ತಿತ್ತು. ಹದಿನಾಲ್ಕು ವರ್ಷದ ರಚನಾ ಓಡಿಬಂದು ಒಲೆ ಆರಿಸಿದಳು. ಇಬ್ಬರ ಮುಖವನ್ನೂ ನೋಡಿದಳು. ಕೈಯಲ್ಲಿದ್ದ ತುಂಡನ್ನು ಏನು ಮಾಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತಳು.

ಆ ಅಂಗಿಗಳ ಕಥೆ ಹೇಳದೆ ಈ ಮನೆಯ ಕಥೆ ಹೇಳಲಾಗದು.

ಊರ್ಮಿಳಮ್ಮನವರು ಜರ್ಮನಿಯ ಯೇನಾ ಊರಿಗೆ ಬಂದು ಮೂವತ್ತೆಂಟು ವರ್ಷ. ಈಗಿಲ್ಲದ ಪತಿ ಜಗನ್ನಾಥರಾಯರು ಮೈಸೂರಿನವರು, ಮಸೂರಗಳ ಶಾಸ್ತ್ರ ಬಲ್ಲ ವಿಜ್ಞಾನಿ. ಅವರ ಕೈಹಿಡಿದು, ಐದು ವರ್ಷದ ಪ್ರದ್ಯುಮ್ನನನ್ನು ಸೊಂಟದಲ್ಲಿಟ್ಟುಕೊಂಡು ಬಂದಾಗ ಇದು ಬೇರೆಯೇ ದೇಶ, ಪೂರ್ವ ಜರ್ಮನಿ. ಹುಣಸೆಹಣ್ಣು ಸಿಗದೆ ಹುಳಿ ಸೇಬನ್ನು ಬೇಯಿಸಿ ಸಾರು ಮಾಡುತ್ತಿದ್ದ ದಿನಗಳವು. ಊರಿನಿಂದ ಕಾಗದ ಬಂದರೆ ವಾರವಿಡೀ ಓದುತ್ತಿದ್ದರು. ಕೆಳಗಿನ ಮನೆಯಲ್ಲಿ ತ್ಸಾಂಡರ್ ಎಂಬ ವಿಧವೆಯೊಬ್ಬಳಿದ್ದಳು. ಅವಳ ಗಂಡ ಆ ದೇಶದ ಫುಟ್‌ಬಾಲ್ ತಂಡದ ಸಾಮಾನು ಸರಂಜಾಮು ನೋಡಿಕೊಳ್ಳುತ್ತಿದ್ದವನಂತೆ. ಮಕ್ಕಳಿಲ್ಲದ ಆ ಮುದುಕಿ ಒಂದು ದಿನ ಪ್ರದ್ಯುಮ್ನನನ್ನು ಕರೆದು ಒಂದು ನೀಲಿ ಅಂಗಿ ತೊಡಿಸಿ ಕಳಿಸಿದಳು. ಎದೆಯ ಮೇಲೆ ಸುತ್ತಿಗೆ, ಕೈವಾರ, ಸುತ್ತಲೂ ತೆನೆಯ ಲಾಂಛನ. ಅಂಗಿ ಹುಡುಗನ ಪಾದದವರೆಗೆ ಇಳಿಬಿದ್ದಿತ್ತು. ಅದನ್ನು ತೊಟ್ಟು ಅವನು ಮೆಟ್ಟಿಲ ಮೇಲೆ ಎಡವಿ ಬಿದ್ದದ್ದು, ಬಿದ್ದಲ್ಲಿಂದಲೇ “ಗೋಲ್!” ಎಂದು ಕೂಗಿದ್ದು ಊರ್ಮಿಳಮ್ಮನವರಿಗೆ ನಿನ್ನೆ ನಡೆದಂತೆ ಇತ್ತು.

ಮೂರು ವರ್ಷ ಕಳೆಯುವುದರೊಳಗೆ ಆ ದೇಶವೇ ಹೋಯಿತು. ಅದು ಭೂಪಟದಿಂದ ಅಳಿದ ವಾರದಲ್ಲೇ ಅನೂಪ ಹುಟ್ಟಿದ. ಬಾಣಂತಿಯ ಹಾಸಿಗೆಯ ಪಕ್ಕ ನಿಂತು ಎಂಟು ವರ್ಷದ ಪ್ರದ್ಯುಮ್ನ ಕೇಳಿದ್ದ:

“ಅಮ್ಮಾ, ಈ ಟೀಮು ಇನ್ನು ಯಾರ ಮೇಲೆ ಆಡತ್ತೆ?”

“ಯಾರ ಮೇಲೂ ಇಲ್ಲ ಕಂದ. ಆ ದೇಶವೇ ಇಲ್ಲವಲ್ಲ.”

“ಹಾಗಾದ್ರೆ ಇನ್ನು ಸೋಲೋದೂ ಇಲ್ಲ, ಅಲ್ವಾ?”

ಅಂದಿನಿಂದ ಅವನಿಗೆ ಆ ಹುಚ್ಚು. ಗೆಳೆಯರು ಬ್ರೆಜಿಲಿನ ಹಳದಿ, ಇಟಲಿಯ ನೀಲಿ ಎಂದು ಓಡಾಡಿದರೆ, ಇವನು ಕೂಡಿಟ್ಟದ್ದು ಇಲ್ಲವಾದ ದೇಶಗಳ ತಂಡದ ಅಂಗಿಗಳನ್ನು ಮಾತ್ರ. ಸೋವಿಯತ್ತಿನ ಕೆಂಪು, ಯುಗೊಸ್ಲಾವಿಯಾದ ನೀಲಿ, ಚೆಕೊಸ್ಲೊವಾಕಿಯಾದ ಸಿಂಹ, ಹೆಸರು ಬದಲಿಸಿಕೊಂಡ ಜಾಯಿರಿನ ಹಸಿರು. ಓದಿದ, ಅಪ್ಪನಂತೆ ಮಸೂರದ ಕಾರ್ಖಾನೆ ಸೇರಿದ, ತಲೆಗೂದಲು ನರೆಯಿತು, ಹುಚ್ಚು ನರೆಯಲಿಲ್ಲ. “ಇರೋ ದೇಶದ ಅಂಗಿ ಅಂಗಡಿಯಲ್ಲಿ ಸಿಗತ್ತೆ ಕಣಮ್ಮ. ಇಲ್ಲದ ದೇಶಕ್ಕೆ ಉಳಿದಿರೋದು ಅಂಗಿ ಒಂದೇ” ಎನ್ನುತ್ತಿದ್ದ.

ತಾಯಿಗೂ ಮಗನಿಗೂ ಇದ್ದ ಜಗಳ ಒಂದೇ. ಅವನು ಅವುಗಳನ್ನು ಒಗೆಯುತ್ತಿರಲಿಲ್ಲ.

“ಯಾರು ಯಾರದೋ ಬೆವರು ಕಣೋ! ದೇವರಿರುವ ಮನೆಯಲ್ಲಿ ಇದೆಂಥ ಮೈಲಿಗೆ?”

“ಆಟದ ದಿನದ ಹುಲ್ಲಿನ ಕಲೆ ಅಮ್ಮ ಅದು. ಒಗೆದರೆ ಬರೀ ಬಟ್ಟೆ ಆಗಿಬಿಡತ್ತೆ.”

ಕೊನೆಗೆ ತಾಯಿಯ ಮಡಿಗೆ ಸೋತು ಅವನು ಅಂಗಿಗಳನ್ನು ಕೆಲ್ಲರಿಗೆ, ಕಟ್ಟಡದ ನೆಲಮಾಳಿಗೆಯ ತಮ್ಮ ಕೋಣೆಗೆ ಒಯ್ದಿಟ್ಟ. ಪ್ರತಿ ಭಾನುವಾರ ವಿಭಾಳೂ ರಚನಾಳೂ ಅವನೊಂದಿಗೆ ಅಲ್ಲಿಗಿಳಿದು, ಮಡಿಕೆಗೆ ಮಡಿಕೆ ತೆಳು ಕಾಗದ ಇಟ್ಟು, ನಗುತ್ತಾ ಹಿಂದಿರುಗುತ್ತಿದ್ದರು. ಮೇಲೆ ಒಬ್ಬರೇ ಕುಳಿತ ಊರ್ಮಿಳಮ್ಮನವರಿಗೆ ಆ ನಗು ಮೆಟ್ಟಿಲಲ್ಲೇ ಕೇಳಿಸುತ್ತಿತ್ತು. ಧಾರವಾಡದ ಹಾಲಸಿದ್ದಪ್ಪ ಮೇಷ್ಟರ ಮಗಳು ವಿಭಾ ತಾನಾಗಿ ಮಗನ ಮನಸ್ಸು ಹಿಡಿದು ಬಂದವಳು. ಅವಳ ಮಾತು ಬೇರೆ, ಆಚಾರ ಬೇರೆ. ಹದಿನಾರು ವರ್ಷವಾದರೂ ಅವಳನ್ನು “ನಮ್ಮವಳು” ಎನ್ನಲು ಅತ್ತೆಯ ಬಾಯಿ ಬಂದಿರಲಿಲ್ಲ.

ದೇಹ ಯೇನಾಗೆ ಬಂದು ದಹನವಾಗಲು ಆರು ದಿನ ಹಿಡಿಯಿತು. ಈ ದೇಶದಲ್ಲಿ ಸಾವಿಗೂ ಸರತಿ, ಸಾವಿಗೂ ಕಾಗದಪತ್ರ. ಮೈಸೂರಿನ ಶಾಸ್ತ್ರಿಗಳು ಫೋನಿನಲ್ಲೇ ದಿನ ಎಣಿಸಿಕೊಟ್ಟರು. ಗಂಡುಮಗನಿಲ್ಲದ ಅಣ್ಣನಿಗೆ ಅನೂಪನೇ ಕರ್ಮಕ್ಕೆ ಕುಳಿತ. ಆ ದಿನಗಳಲ್ಲಿ ಒಮ್ಮೆ ಅವನು ಅಣ್ಣನ ಕೊನೆಯ ಬೆಳಗನ್ನು ಹೇಳಿದ:

“ಆ ಅಂಗಿ ನಕಲಿ ಅಮ್ಮ. ಅದನ್ನ ಮಾರೋಕೆ ಕರೆಸಿದ್ದ ಮುದುಕಪ್ಪ ಎಷ್ಟು ಪ್ರೀತಿಯಿಂದ ಕಾಫಿ ಕೊಟ್ಟು ತೋರಿಸಿದ ಗೊತ್ತಾ? ಅಣ್ಣ ಕತ್ತುಪಟ್ಟಿ ಹೊಲಿಗೆ ಒಂದು ಸಲ ಸವರಿದ, ಗೊತ್ತಾಗಿಹೋಯ್ತು. ಆದರೆ ಅವನಿಗೆ ಹೇಳಲಿಲ್ಲ! ‘ಬಹಳ ಚೆನ್ನಾಗಿದೆ, ನೀವೇ ಇಟ್ಕೊಳ್ಳಿ, ನಿಮ್ಮ ಹತ್ತಿರಾನೇ ಇರಲಿ’ ಅಂದ. ಸ್ಟೇಷನ್ನಿಗೆ ಬರೋವರೆಗೂ ನಗ್ತಾನೇ ಇದ್ದ. ‘ಅನೂ, ಆ ತಾತ ಆ ಅಂಗೀನ ನಲವತ್ತು ವರ್ಷ ನಂಬಿದ್ದಾರೆ ಕಣೋ, ಅದು ನಿಜ ಆಗಿಹೋಗಿದೆ’ ಅಂದ. ಅಷ್ಟೇ...”

ಊರ್ಮಿಳಮ್ಮ ಕಣ್ಣು ಮುಚ್ಚಿ ಕೇಳಿದರು. ಕೇಳಿದಷ್ಟೂ ಅವರ ಎದೆಯಲ್ಲಿ ಒಂದು ಭಯ ಬೆಳೆಯಿತು. ಕೊನೆಯ ಮಾತಿನಲ್ಲೂ ಅಂಗಿ! ಹೋದ ಜೀವ ತನ್ನ ಆಸೆಯ ವಸ್ತುವನ್ನು ಹತ್ತು ದಿನ ಸುತ್ತುತ್ತದೆ ಎಂದು ಅವರ ಅಜ್ಜಿ ಹೇಳುತ್ತಿದ್ದರು. ಮಗ ಈಗ ಎಲ್ಲಿದ್ದಾನು? ಕೆಳಗೆ, ಆ ಕತ್ತಲ ಕೋಣೆಯಲ್ಲಿ, ಯಾರದೋ ಬೆವರಿನ ಬಟ್ಟೆಗಳ ನಡುವೆ... ಹೋಗಲಾರದೆ ನಿಂತಿದ್ದಾನು! ಮೈಲಿಗೆ ಕಳೆಯದೆ ಅವನಿಗೆ ದಾರಿ ಬಿಡುವವರು ಯಾರು? ಹೆತ್ತವಳಲ್ಲದೆ ಇನ್ನಾರು?

ಹತ್ತನೆಯ ದಿನ ಮಧ್ಯಾಹ್ನ ಅನೂಪ, ವಿಭಾ, ರಚನಾ ಮೂವರೂ ಮರಣಪತ್ರಕ್ಕಾಗಿ ಸ್ಟಾಂಡೆಸಾಮ್ಟ್ ಎಂಬ ಜನನ-ಮರಣ ನೋಂದಣಿ ಕಚೇರಿಗೆ ಹೋದರು. ಊರ್ಮಿಳಮ್ಮ ಕೆಲ್ಲರಿನ ಬೀಗದ ಕೈ ತೆಗೆದುಕೊಂಡರು. ಎಪ್ಪತ್ತೊಂದರ ಮಂಡಿಗಳಲ್ಲೇ ಆರು ಸಲ ಇಳಿದು ಹತ್ತಿ, ಹಿಡಿ ಹಿಡಿಯಾಗಿ ಅಂಗಿಗಳನ್ನು ಮೇಲೆ ತಂದು ಬಚ್ಚಲ ತೊಟ್ಟಿಗೆ ಹಾಕಿದರು. ಯಂತ್ರಕ್ಕೆ ಹಾಕಲು ಮನಸ್ಸಾಗಲಿಲ್ಲ. ಮಗುವಿಗೆ ಎರೆಯುವಂತೆ ಕೈಯಲ್ಲೇ ಒಗೆದರು.

ಒಂದೊಂದು ಅಂಗಿಯೂ ಒಂದೊಂದು ವರ್ಷವನ್ನು ಎತ್ತಿ ಕೊಟ್ಟಿತು. ಈ ಕೆಂಪಂಗಿ ತಂದ ದಿನ ರಾಯರಿಗೆ ಜ್ವರ; ಮಗ ಅದನ್ನೇ ಅಪ್ಪನ ಮೇಲೆ ಹೊದಿಸಿ ಬೈಸಿಕೊಂಡಿದ್ದ. ಈ ಹಸಿರಿನದಕ್ಕಾಗಿ ಒಂದು ಬೇಸಿಗೆಯೆಲ್ಲ ಮನೆಮನೆಗೆ ಪತ್ರಿಕೆ ಹಾಕಿದ್ದ. ಈ ಸಿಂಹದ್ದು ಬಂದಾಗ ಅನೂಪನಿಗೆ ಹಲ್ಲು ಬಿದ್ದಿತ್ತು... “ಹೋಗು ಕಂದ, ಹೋಗು. ನಾನು ಎಲ್ಲ ತೊಳೆದುಕೊಡ್ತೀನಿ, ನೀನು ಹಗುರವಾಗಿ ಹೋಗು” ಎಂದು ಅವರು ಅಳುತ್ತಾ ಉಜ್ಜಿದರು. ಕೊನೆಗೆ ಶುದ್ಧಿಗೆಂದು ಒಂದು ಬಕೆಟ್ಟಿನಲ್ಲಿ ಅರಿಶಿನ ಕದಡಿ, ಒಂದೊಂದನ್ನೂ ಅದ್ದಿ ಎತ್ತಿ, ಮನೆಯ ತುಂಬ ಹಗ್ಗ ಕಟ್ಟಿ ಹರವಿದರು. ದೇವರ ಕೆಲಸ ಮಾಡಿದ ತೃಪ್ತಿಯಲ್ಲಿ ಕುರ್ಚಿಯ ಮೇಲೆ ಕುಸಿದು ಕುಳಿತರು.

ಬಾಗಿಲು ತೆರೆಯಿತು. ಮೊದಲು ಒಳಬಂದವಳು ರಚನಾ.

ಹಗ್ಗದ ಮೇಲಿದ್ದವು ಅಂಗಿಗಳಲ್ಲ, ಗಾಯಗಳು! ಕೆಂಪು ಬಣ್ಣ ಬಿಟ್ಟು ಬಿಳಿಯ ಮೇಲೆಲ್ಲ ಹರಿದಿತ್ತು. ಹಳೆಯ ಹತ್ತಿ ಅರಿಶಿನವನ್ನು ಹೀರಿಕೊಂಡಿತ್ತು. ಸೋಪು ಉಳಿದಿದ್ದ ಕಡೆಯಲ್ಲಿ ಆ ಅರಿಶಿನವೇ ರಕ್ತದ ಕಲೆಯಂತೆ ಕೆಂಪಗಾಗಿತ್ತು. ಅಂಟಿಸಿದ್ದ ಸಂಖ್ಯೆಗಳು ಸುಲಿದು ಜೋತಾಡುತ್ತಿದ್ದವು.

“ಅಜ್ಜೀ! ವಾಸ್ ಹಾಸ್ಟ್ ದು ಗೆಮಾಖ್ಟ್?” ಹುಡುಗಿ ಚೀರಿದಳು. ಏನು ಮಾಡಿಬಿಟ್ಟೆ ಎಂಬ ಆ ಜರ್ಮನ್ ಮಾತು ಇಡೀ ಮನೆಗೆ ಕೇಳಿಸಿತು. ಆಮೇಲೆ, ಅಜ್ಜಿಗೆ ನೋವಾಗಲೆಂದೇ ಎಂಬಂತೆ, ಕನ್ನಡದಲ್ಲಿ ಹೇಳಿದಳು: “ನೀನು ಪಾಪಾನ್ನ ತೊಳೆದು ಹಾಕಿಬಿಟ್ಟೆ! ಇನ್ನು ಪಾಪಾ ಎಲ್ಲೂ ಇಲ್ಲ!”

“ಮೈಲಿಗೆ ಕಂದ... ಹತ್ತನೇ ದಿನ ಎಲ್ಲ ಒಗೀಬೇಕು... ನಿಮ್ಮಪ್ಪನಿಗೆ ದಾರಿ...”

“ಅತ್ತೀ!” ವಿಭಾ ಮುಂದೆ ಬಂದಳು. ಇಷ್ಟು ದಿನ ಬಾಯಿ ಬಿಡದಿದ್ದವಳ ದನಿ ಕತ್ತರಿಸಿಕೊಂಡು ಬಂತು. “ನಮ್ಮಪ್ಪನ ಮನ್ಯಾಗ ಸಾವಿಗೆ ಸೂತಕಾ ಅನ್ನೂದ ಇಲ್ರಿ. ಆದರೂ ನಿಮ್ಮ ಮಾತಿಗೆ ಹತ್ತು ದಿನ ಮೂಲ್ಯಾಗ ಕುಂತೀನಿ. ನೀವು ನನ್ನ ಕೊಲೆಗಾರ್ತಿ ಅಂದ್ರಿ, ತಾಯಿ ಸಂಕಟ ಅಂತ ನುಂಗಿದೆ. ಆದ್ರ ಇದು...! ಅವರು ಮುಟ್ಟಿ ಮುಟ್ಟಿ ಇಟ್ಟಿದ್ದು ಇದೊಂದ ಇತ್ತು. ಅವರ ಕೈ ಇತ್ರೀ ಇದರ ಮ್ಯಾಲೆ! ನಿಮಗೊಬ್ಬರಿಗೇ ಹೋಗ್ಯಾರೇನ್ರಿ ಅವರು? ಈ ಕೂಸಿಗೆ ಏನೂ ಹೋಗಿಲ್ಲೇನ್ರಿ?”

ಅನೂಪ ಒಂದು ಅಂಗಿಯ ತೋಳನ್ನು ಹಿಡಿದು ನೋಡಿ ಬಿಟ್ಟ. “ಇದನ್ನ ಸರಿಮಾಡೋಕಾಗಲ್ಲ ಅಮ್ಮ” ಎಂದ, ಬಹಳ ಮೆಲ್ಲಗೆ. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಅಂದಿನಿಂದ ರಚನಾ ಅಜ್ಜಿಯೊಂದಿಗೆ ಮಾತು ಬಿಟ್ಟಳು. ತಟ್ಟೆ ತೆಗೆದುಕೊಂಡು ಕೋಣೆಗೆ ಹೋಗುವಳು; ಅನ್ನ ಹಾಗೇ ಹಿಂದಿರುಗುವುದು. ವಿಭಾಳಿಗೆ ದೂರದ ಗಾರ್ಕಿಂಗ್ ಊರಿನ ಸಂಶೋಧನಾ ಕೇಂದ್ರವೊಂದರಲ್ಲಿ ಕೆಲಸ ಸಿಕ್ಕಿ ತಿಂಗಳಾಗಿತ್ತು. ಪ್ರದ್ಯುಮ್ನನೊಂದಿಗೆ ಯೋಚಿಸಿ ಹೇಳುತ್ತೇನೆಂದಿದ್ದಳು. ಈಗ ಬಾಗಿಲ ಹಿಂದಿನಿಂದ ರಚನಾಳ ಮಾತು ಊರ್ಮಿಳಮ್ಮನವರ ಕಿವಿಗೆ ಬಿತ್ತು:

“ಮಮ್ಮಾ, ಹೋಗೋಣ. ಬಟ್ ಓನೆ ಅಜ್ಜಿ. ಅಜ್ಜಿ ಬೇಡ. ಪ್ಲೀಸ್, ಅಜ್ಜಿ ಬೇಡ.”

ಮೂವತ್ತೆಂಟು ವರ್ಷದ ಜರ್ಮನಿಯಲ್ಲಿ ‘ಓನೆ’ ಎಂದರೆ ‘ಇಲ್ಲದೆ’ ಎಂದು ಅವರಿಗೆ ತಿಳಿಯದೆ ಇರಲಿಲ್ಲ. ವಿಭಾ ಏನು ಉತ್ತರ ಕೊಟ್ಟಳೋ ಕೇಳಿಸಲಿಲ್ಲ. ಕೇಳಿಸಿಕೊಳ್ಳುವ ಧೈರ್ಯವೂ ಇರಲಿಲ್ಲ. ಮಗನಿಗೆ ದಾರಿ ಬಿಡಿಸಹೋಗಿ ಮಗನ ಮಗಳನ್ನೇ ಕಳೆದುಕೊಂಡೆನೇ ಎಂದು ಅವರು ಗೋಡೆಗೆ ಹಣೆಯಿಟ್ಟು ನಿಂತರು.

ಹದಿಮೂರನೆಯ ದಿನದ ಬೆಳಗ್ಗೆ, ಸ್ನಾನಕ್ಕೆ ಏಳಿಸಲೆಂದು ಊರ್ಮಿಳಮ್ಮ ಮೊಮ್ಮಗಳ ಕೋಣೆಯ ಬಾಗಿಲು ಸರಿಸಿದರು. ಹುಡುಗಿ ಮೊಣಕಾಲು ಮಡಚಿ ಮಲಗಿದ್ದಳು. ಹೊದಿಕೆ ಜಾರಿತ್ತು. ರಾತ್ರಿಯುಡುಪಿನ ಕೆಳಗೆ ಮಾಸಿದ ಬಿಳಿಯ ಅಂಗಿಯೊಂದು. ಕಂಕುಳಲ್ಲಿ ಹೊಲಿಗೆ ಬಿಟ್ಟದ್ದು, ಸಾಲೆ ನದಿಯ ದಂಡೆಯ ಕೆಸರು ಮೊಣಕೈಯಲ್ಲಿ ಇನ್ನೂ ಒಣಗಿಯೇ ಇದ್ದದ್ದು. ಪ್ರದ್ಯುಮ್ನ ಕೂಡಿಟ್ಟವುಗಳಲ್ಲಿ ಅದೊಂದನ್ನೇ ತಾನು ತೊಡುತ್ತಿದ್ದ. ಭಾನುವಾರ ಮಗಳೊಂದಿಗೆ ಚೆಂಡಾಡುವಾಗ ಮಾತ್ರ. ಸಾವಿನ ಸುದ್ದಿ ಬಂದಾಗಲೇ ಹುಡುಗಿ ಅದನ್ನು ಬಚ್ಚಿಟ್ಟಿರಬೇಕು. ಒಗೆಯದ ಅಂಗಿ. ಸತ್ತವನ ಮೈ ತಾಗಿದ ಅಂಗಿ.

ರಚನಾ ಕಣ್ಣು ಬಿಟ್ಟಳು. ಅಜ್ಜಿಯ ಕಣ್ಣು ಎಲ್ಲಿ ನಿಂತಿದೆಯೆಂದು ನೋಡಿದಳು. ಎರಡೂ ಕೈಯಿಂದ ಅಂಗಿಯನ್ನು ಎದೆಗೆ ಅವಚಿಕೊಂಡಳು. ಆ ಕಣ್ಣುಗಳಲ್ಲಿದ್ದದ್ದು ಕೋಪವಲ್ಲ, ಭಯ! ತನ್ನ ಮೊಮ್ಮಗಳು ತನಗೆ ಹೆದರಿದ್ದಾಳೆ... ಊರ್ಮಿಳಮ್ಮ ಬಾಗಿಲನ್ನು ಸದ್ದಿಲ್ಲದೆ ಹಿಂದಕ್ಕೆಳೆದು ಹೊರಬಂದರು.

ಹತ್ತು ಗಂಟೆಗೆ ಎಲ್ಲರೂ ನಡುಮನೆಯಲ್ಲಿ ಸೇರಿದರು. ಪುಸ್ತಕಗಳಿಗೆ ಒರಗಿಸಿಟ್ಟ ಫೋನಿನಲ್ಲಿ ಮೈಸೂರಿನ ಶಾಸ್ತ್ರಿಗಳು. ಅನೂಪ ಮಣೆಯ ಮೇಲೆ. ರಚನಾ ತಾಯಿಯ ಬೆನ್ನ ಹಿಂದೆ, ಕತ್ತಿನವರೆಗೆ ಸ್ವೆಟರು ಏರಿಸಿಕೊಂಡು ಕುಳಿತಿದ್ದಳು. ಮಂತ್ರ ತೊಡಗುವ ಮುನ್ನ ಶಾಸ್ತ್ರಿಗಳು ಕೇಳಿದರು:

“ಊರ್ಮಿಳಮ್ಮನವರೇ, ಹೋದವರ ಹಾಸಿಗೆ, ಬಟ್ಟೆಬರೆ ಎಲ್ಲ ಶುದ್ಧಿಯಾಯಿತಲ್ಲ? ಮೈಲಿಗೆ ಏನೂ ಉಳಿದಿಲ್ಲ ತಾನೆ? ನೋಡಿ ಹೇಳಿ ತಾಯಿ.”

ಸ್ವೆಟರಿನ ತೋಳಿನೊಳಗೆ ಹುಡುಗಿಯ ಬೆರಳುಗಳು ಮುಷ್ಟಿಯಾದವು. ವಿಭಾ ಥಟ್ಟನೆ ತಲೆಯೆತ್ತಿದಳು. ಅವಳಿಗೂ ಗೊತ್ತು ಎಂಬುದು ಅತ್ತೆಗೆ ಆಗ ತಿಳಿಯಿತು.

ಎಪ್ಪತ್ತೊಂದು ವರ್ಷ! ಸಂಕಷ್ಟಿ ತಪ್ಪಿಸಿದವರಲ್ಲ, ಏಕಾದಶಿ ತಪ್ಪಿಸಿದವರಲ್ಲ, ಹಿಮ ಬೀಳುವ ಬೆಳಗಿನಲ್ಲೂ ತಣ್ಣೀರು ಸುರಿದುಕೊಂಡೇ ದೀಪ ಹಚ್ಚಿದವರು. ದೇವರೆದುರು ಸುಳ್ಳಾಡಿದ ನಾಲಿಗೆಯಲ್ಲ ಅದು. ಒಂದು ಕಡೆ ಮಗನ ಸದ್ಗತಿ. ಇನ್ನೊಂದು ಕಡೆ ಆ ಮುಷ್ಟಿ.

“ಎಲ್ಲ ಆಗಿದೆ ಶಾಸ್ತ್ರಿಗಳೇ” ಎಂದರು ಊರ್ಮಿಳಮ್ಮ. “ನಾನೇ ನನ್ನ ಕೈಯಾರೆ ಒಗೆದಿದ್ದೀನಿ. ಒಂದೂ ಉಳಿದಿಲ್ಲ. ನೀವು ಶುರುಮಾಡಿ.”

ಕರ್ಮ ಮುಗಿದು, ಫೋನು ಆರಿದ ಮೇಲೆ ಅವರು ಅಡುಗೆಮನೆಗೆ ಹೋಗಿ ಒಬ್ಬರೇ ನಿಂತರು. ಹಿಂದೆಯೇ ವಿಭಾ ಬಂದಳು.

“ಅತ್ತೀ... ನೀವು ಸುಳ್ಳು ಹೇಳಿದ್ರಿ.”

“ಹೂಂ ಕಣೆ. ಹೇಳಿದೆ.”

“ಯಾಕ್ರಿ?”

“ಸತ್ತ ಮಗನಿಗೆ ದಾರಿ ಮಾಡ್ತೀನಿ ಅಂತ ಹೋಗಿ ಬದುಕಿರೋ ಮಗೂನ ತುಳಿದೆನಲ್ಲೇ ವಿಭಾ! ನಿನ್ನನ್ನೂ ಅಂದೆ, ಅನ್ನಬಾರದ್ದು ಅಂದೆ. ಅವನು ಆ ದಿನ ಮನೆಯಲ್ಲೇ ಇದ್ದಿದ್ರೂ ಆ ಘಳಿಗೆ ಬರ್ತಿತ್ತು. ಅದು ನನಗೆ ಗೊತ್ತಿತ್ತು ಕಣೆ. ಗೊತ್ತಿದ್ದೂ ಅಂದೆ.”

ವಿಭಾಳ ಕಣ್ಣು ತುಂಬಿತು. ಸೂತಕವನ್ನೇ ಒಪ್ಪದ ಮನೆಯ ಮಗಳು ಮಗುವಿನಂತೆ ಕೇಳಿದಳು: “ಆ ಒಂದು ಅಂಗಿಯಿಂದ... ಅವರಿಗೇನೂ ತೊಂದ್ರೆ ಆಗಂಗಿಲ್ಲಲ್ರಿ ಅತ್ತೀ? ಅವರು ನಿಲ್ಲಂಗಿಲ್ಲಲ್ರಿ?”

ಊರ್ಮಿಳಮ್ಮ ಸೊಸೆಯ ಕೆನ್ನೆಯನ್ನು ಮೊದಲ ಬಾರಿಗೆ ಮುಟ್ಟಿದರು. “ಹುಚ್ಚಿ! ದೇವರು ನಮ್ಮನೆ ಒಗೆದ ಬಟ್ಟೆ ಎಣಿಸ್ತಾ ಕೂತಿದ್ದಾನೇನೆ? ಆ ಕೆಲಸ ನಾನೊಬ್ಬಳೇ ಮಾಡ್ತಾ ಇದ್ದದ್ದು.”

ಅತ್ತೆ ಸೊಸೆ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಹದಿಮೂರು ದಿನದ್ದಷ್ಟೇ ಅಲ್ಲ, ಹದಿನಾರು ವರ್ಷದ್ದೂ ಸೇರಿಸಿ ಅತ್ತರು.

“ಗಾರ್ಕಿಂಗಿಗೆ ಹೋಗಿ ಕಣೆ” ಎಂದರು ಊರ್ಮಿಳಮ್ಮ ಮೂಗು ಒರೆಸಿಕೊಳ್ಳುತ್ತಾ. “ಅನೂಪ ನನ್ನ ನೋಡ್ಕೋತಾನೆ. ಮಗು ಮನಸ್ಸು ಮುರೀಬೇಡ. ಅಜ್ಜಿ ಬೇಡ ಅಂದಳು, ನಾನು ಕೇಳಿಸ್ಕೊಂಡೆ.”

ಬಾಗಿಲ ಬಳಿ ಸದ್ದಾಯಿತು. ರಚನಾ ನಿಂತಿದ್ದಳು. ಸ್ವೆಟರು ತೆಗೆದಿದ್ದಳು, ಆ ಕೆಸರಿನ ಅಂಗಿ ಅಜ್ಜಿಯೆದುರಿಗೇ ಇತ್ತು.

“ಅಲ್ಲಿ ಊ-ಬಾನ್ ರೈಲಿದೆ ಅಜ್ಜಿ. ಮನೆ ಹತ್ತಿರಾನೇ ಸ್ಟೇಷನ್. ನೀನು ಜಾಸ್ತಿ ಮೆಟ್ಟಿಲು ಹತ್ತಬೇಕಾಗಲ್ಲ” ಎಂದಳು. ಆಮೇಲೆ ಇನ್ನೂ ಮೆಲ್ಲಗೆ, “ಹಸಿವಾಗ್ತಿದೆ” ಎಂದಳು.

ಊರ್ಮಿಳಮ್ಮ ಎಲೆ ಹಾಕಿದರು. ಎಲ್ಲರೂ ಉಂಡರು. ಊಟವಾದ ಮೇಲೆ, ಇಷ್ಟು ದಿನ ಆರಿದ್ದ ದೇವರ ದೀಪಕ್ಕೆ ಎಣ್ಣೆ ಹಾಕಿ ಬತ್ತಿ ಹಚ್ಚಿದರು. ಕೈಮುಗಿದು, ತುಟಿ ಅಲುಗದಂತೆ, ತಮಗೂ ದೇವರಿಗೂ ಮಾತ್ರ ಕೇಳುವಂತೆ ಹೇಳಿಕೊಂಡರು:

ನಾರಾಯಣಾ, ನನ್ನ ಮಗ ಪ್ರದ್ಯುಮ್ನ ನಿನ್ನ ಬಳಿಗೆ ಹೊರಟಿದ್ದಾನೆ. ಯಾರ ಮನಸ್ಸನ್ನೂ ನೋಯಿಸಲಾರದವನು. ಯಾರೂ ನೆನೆಯದ್ದನ್ನು ಎದೆಗವಚಿಕೊಂಡು ಕಾದವನು. ದಾರಿಯಲ್ಲಿ ಅವನೊಮ್ಮೆ ಹಿಂತಿರುಗಿ ನೋಡಿದರೆ ಕೋಪಿಸಿಕೊಳ್ಳಬೇಡ; ಕರೆದವರು ನಾವು. ಇಂದು ನಿನ್ನೆದುರು ಆಡಿದ ಸುಳ್ಳು ನನ್ನದು, ಅದರ ಫಲವೂ ನನಗೇ ಇರಲಿ. ಅವನಿಗೆ ಹಸಿವು ತಾಗದಿರಲಿ, ದಣಿವು ತಾಗದಿರಲಿ, ಬಿಟ್ಟುಬಂದವರ ಚಿಂತೆ ತಾಗದಿರಲಿ. ನನ್ನ ಕಂದನನ್ನು ನಿನ್ನ ಮಡಿಲಲ್ಲಿ ಮಲಗಿಸಿಕೋ ತಂದೆ. ಅವನ ಜೀವಕ್ಕೆ ಶಾಂತಿ ಕೊಡು... ಶಾಂತಿ ಕೊಡು.